ದಾನಪ್ಪನವರ ಆರೋಗ್ಯಕ್ಕಾಗಿ

‘ಸಾವಿರದ ಒಂಬೈನೂರ ಎಂಬತ್ತನಾಲ್ಕರಲ್ಲಿ ಅನಾರೋಗ್ಯದ ನಿಮಿತ್ತ ಸಂಡೇ ಸ್ಕೂಲಿನ ಸೇವೆಯಿಂದ ನಿವೃತ್ತರಾದರು’ ಎಂದು ಬರೆದು ಮರೆಪ್ಪ ಪೆನ್ನಿಗೆ ಕ್ಯಾಪು ಹಾಕಿದ. ಹಾಕಿದವನು ಮತ್ತೆ ತೆಗೆದ. ಆಮೇಲೆ ಏನು ಬರೆಯಬೇಕೆಂದು ತಿಳಿಯದೆ ಹಾಗೇ ಹಿಡಿದುಕೊಂಡು ಕೂತ.

ಅವನು ಕೂತದ್ದು ಬೈಕುಲ್ಲಾದ ಚಾಳಿನ ಎರಡನೆಯ ಮಾಳಿಗೆಯ ಗ್ಯಾಲರಿಯಲ್ಲಿ, ಒಂದು ಸ್ಟೂಲಿನ ಮೇಲೆ. ಹಿಂದಿನ ಖೋಲಿಯಲ್ಲಿ ದಾನಪ್ಪನ ದೇಹವನ್ನು ಮಂಜುಗಡ್ಡೆಯ ಮೇಲೆ ಮಲಗಿಸಿದ್ದರು. ಕೆಳಗೆ ಪೆಟ್ಟಿಗೆ ತಂದ ಗಾಡಿಯವನು ಹಾರ್ನ್ ಹೊಡೆಯುತ್ತಿದ್ದ. ಮೂರು ಗಂಟೆಗೆ ಚರ್ಚು ಸಿಕ್ಕಿತ್ತು. ಐದಕ್ಕೆ ಅಲ್ಲೇ ತಮಿಳರದೊಂದು ಮದುವೆ, ಅಷ್ಟರೊಳಗೆ ಮುಗಿಸಿ ಬಿಟ್ಟುಕೊಡಬೇಕು. ಮರಾಠಿಯವರು, ತಮಿಳರು, ಕನ್ನಡದವರು ಒಂದೇ ಚರ್ಚನ್ನು ಗಂಟೆ ಲೆಕ್ಕದಲ್ಲಿ ಹಂಚಿಕೊಂಡಿದ್ದ ಮೇಲೆ ಸತ್ತವರೂ ಗಡಿಯಾರ ನೋಡಬೇಕಾಗುತ್ತದೆ.

ಆ ಕನ್ನಡ ಸಭೆಯಲ್ಲಿ ಯಾರೇ ತೀರಿಕೊಳ್ಳಲಿ, ಮಣ್ಣಿಗೆ ಒಯ್ಯುವ ಮುಂಚೆ ಅವರ ಜೀವನ ವೃತ್ತಾಂತ ಓದಬೇಕು. ಹುಟ್ಟಿದ್ದು, ದೀಕ್ಷಾಸ್ನಾನ, ಮದುವೆ, ನೌಕರಿ, ಸಭೆಗೆ ಮಾಡಿದ ಸೇವೆ, ಕೊನೆಗೆ ಪ್ರಭುವಿನಲ್ಲಿ ನಿದ್ರೆ ಹೋದದ್ದು. ಒಂದು ಹಾಳೆ ಮೀರಬಾರದು. ಹದಿನಾರು ವರ್ಷದಿಂದ ಸಭೆಯ ಸೆಕ್ರೆಟರಿಯಾಗಿ ಇದನ್ನು ಬರೆಯುತ್ತ ಬಂದವನು ಮರೆಪ್ಪ. ವಡಾಲದ ವರ್ಕ್‌ಶಾಪಿನಲ್ಲಿ ಫಿಟರ್ ಆಗಿದ್ದರೂ ಬರವಣಿಗೆಯಲ್ಲಿ ಅವನ ಕೈ ಬಲು ನಯ. ಜನ್ಮಪೂರ್ತಿ ಜಗಳ ಕಾದವರನ್ನು ‘ನೇರನುಡಿಯವರು’ ಮಾಡಿದ್ದ. ಕುಡಿದು ಸತ್ತವನೊಬ್ಬನನ್ನು ‘ಸ್ನೇಹಜೀವಿ’ ಮಾಡಿ ದಾಟಿಸಿದ್ದ. ಯಾರೂ ತಕರಾರು ಮಾಡಿರಲಿಲ್ಲ.

“ಮರೆಪ್ಪಾ, ಬರದದ್ದಾತೇನು?” ಒಳಗಿಂದ ದಾನಪ್ಪನ ಹೆಂಡತಿ ಮಲ್ಲಕ್ಕ ಕರೆದಳು. “ಬಾ ಇಲ್ಲಿ. ಮೊದಲ ನನಗ ಓದಿ ತೋರ್ಸು.”

ಅವಳು ಗಂಡನ ತಲೆಯ ಹತ್ತಿರ ಕೂತು, ಕರಗಿ ಹರಿಯುತ್ತಿದ್ದ ನೀರನ್ನು ಟವೆಲಿನಿಂದ ಒರೆಸಿ ಬಕೆಟ್ಟಿಗೆ ಹಿಂಡುತ್ತಿದ್ದಳು. ಮಕ್ಕಳಿಲ್ಲದ ಮನೆ. ಊರಿಂದ ಬರಬೇಕಾದ ದಾನಪ್ಪನ ತಮ್ಮ ಇನ್ನೂ ರೈಲಿನಲ್ಲಿದ್ದ. ಮರೆಪ್ಪ ಹಾಳೆ ಹಿಡಿದು ಓದಿದ. ಗದಗಿನ ಕಡೆಯ ಹಳ್ಳಿ, ಬಡ ಕುಟುಂಬ, ಮುಂಬಯಿಗೆ ಬಂದದ್ದು, ತಾರಾಲಯದ ನೌಕರಿ. ‘ಅನಾರೋಗ್ಯದ ನಿಮಿತ್ತ’ ಎಂಬಲ್ಲಿಗೆ ಬಂದಾಗ ಮಲ್ಲಕ್ಕ ಟವೆಲು ಕೆಳಗಿಟ್ಟಳು.

“ಏನಾಗಿತ್ತು ಅವರಿಗೆ?”

“ವೈನಿ, ಮಿನಿಟ್ಸ್ ಬುಕ್ಕಿನ್ಯಾಗ ಹಂಗ ಐತಿ.”

“ಮಿನಿಟ್ಸ್ ಬುಕ್ ಬರದಾವ ಯಾರು?”

ಮರೆಪ್ಪ ಹಾಳೆಯನ್ನು ಕೆಳಗಿಳಿಸಿದ.

“ಗಟ್ಟಿಮುಟ್ಟ ಇದ್ದ ಗಂಡಸನ್ನ ಏಳು ವರ್ಷ ರೋಗಿ ಮಾಡಿ ಇಟ್ರಿ,” ಎಂದಳು ಮಲ್ಲಕ್ಕ. ದನಿ ಏರಿರಲಿಲ್ಲ. “ಪ್ರತಿ ಐತಾರ ಅವರ ಆರೋಗ್ಯಕ್ಕ ಪ್ರಾರ್ಥನಾ. ಸಕ್ಕರಿ ಇಲ್ಲ, ಬಿಪಿ ಇಲ್ಲ. ನಿನ್ನೆ ಸಂಜೀಕ ಚಾ ಕುಡಕೋತ ಕುಂತಾವ್ರು ಹಂಗ ಹೋದ್ರು, ಅದೊಂದ ಅವರಿಗೆ ಬಂದ ರೋಗ. ಇವತ್ತರ ಖರೇ ಓದು. ಯಾಕ ಬಿಡಿಸಿದ್ರಿ, ಯಾರು ಬಿಡಿಸಿದ್ರು. ಆಗೂದಿಲ್ಲ ಅಂದ್ರ ಆ ಕಾಗದಾನ ಬ್ಯಾಡ. ಹಾಡ್ಕೋತ ಒಯ್ಯೂಣು.”

“ಅಕ್ಕು ಬರ್ತಾಳ, ವೈನಿ. ಅಕಿ ಮುಂದ…”

“ಬರ್ಲಿ. ಅಕಿಗೂ ಹದಿನೇಳಾತು.”

ಅಕ್ಕು ಮರೆಪ್ಪನ ಒಬ್ಬಳೇ ಮಗಳು. ದಾನಪ್ಪನ ಕೈಯಿಂದ ಸಂಡೇ ಸ್ಕೂಲು ಕಿತ್ತುಕೊಂಡದ್ದು ತನ್ನಪ್ಪ ಎಂಬುದು, ಅದೂ ತಾನು ಕೇಳಿದ ಒಂದು ಪ್ರಶ್ನೆಯ ಸಲುವಾಗಿ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಾಗದ ಹಾಗೆ ಮರೆಪ್ಪ ನೋಡಿಕೊಂಡಿದ್ದ.

*

ನಮ್ಮ ದೇಶದವನೊಬ್ಬ ಮೊದಲ ಸಲ ಬಾಹ್ಯಾಕಾಶಕ್ಕೆ ಹೋಗಿ ಬಂದ ವರ್ಷ ಅದು. ಬೀದಿಯಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ದಾನಪ್ಪ ಬೈಬಲ್ ಕಲಿಸುತ್ತಿದ್ದ ಸಂಡೇ ಸ್ಕೂಲಿನ ಹನ್ನೊಂದು ಮಕ್ಕಳಂತೂ ಯೋಸೇಫನ ಬಣ್ಣದ ಅಂಗಿಯನ್ನು ಬಿಟ್ಟು ರಾಕೆಟ್ಟಿನ ಚಿತ್ರ ಬರೆಯುತ್ತ ಕೂತಿದ್ದವು.

ದಾನಪ್ಪ ವರ್ಳಿಯ ತಾರಾಲಯದಲ್ಲಿ ಅಟೆಂಡರು. ಖಾಕಿ ಅಂಗಿ, ಕೈಯಲ್ಲಿ ಟಾರ್ಚು. ಟಿಕೇಟು ಹರಿಯುವುದು, ತಡವಾಗಿ ಬಂದವರನ್ನು ಕತ್ತಲಲ್ಲಿ ಕುರ್ಚಿಗೆ ಮುಟ್ಟಿಸುವುದು, ಅಳುವ ಕೂಸುಗಳನ್ನೂ ತಾಯಂದಿರನ್ನೂ ಹೊರಗೆ ಬಿಡುವುದು, ಇಷ್ಟೇ ಕೆಲಸ. ದಿನಕ್ಕೆ ನಾಲ್ಕು ಸಲ ಲೋಕಕ್ಕೆ ಕತ್ತಲಾಗುವುದನ್ನೂ ನಾಲ್ಕು ಸಲ ಬೆಳಗಾಗುವುದನ್ನೂ ಅವನು ಬಾಗಿಲ ಹತ್ತಿರ ನಿಂತು ನೋಡುತ್ತಿದ್ದ. ಹಿಂದಿ, ಮರಾಠಿ, ಇಂಗ್ಲಿಷು, ಯಾವ ಭಾಷೆಯಲ್ಲಿ ಕೇಳಿದರೂ ಕೊನೆಗೆ ಬರುತ್ತಿದ್ದ ಮಾತು ಒಂದೇ. ಇಷ್ಟೊಂದು ನಕ್ಷತ್ರಗಳಲ್ಲಿ ಬುದ್ಧಿಯುಳ್ಳವರು ನಾವಷ್ಟೇ ಇರಲಿಕ್ಕಿಲ್ಲ, ಇನ್ನೆಲ್ಲೋ ಯಾರೋ ಇದ್ದಾರು. ದಾನಪ್ಪ ಅದನ್ನು ಮನೆಗೆ ಬರುವ ಬಸ್ಸಿನಲ್ಲಿ ಕನ್ನಡಕ್ಕೆ ತಿರುಗಿಸಿಕೊಂಡು ಯೋಚಿಸುತ್ತಿದ್ದ.

ಒಂದು ಶನಿವಾರ ಮಧ್ಯಾಹ್ನ ಅವನು ಹನ್ನೊಂದೂ ಮಕ್ಕಳನ್ನು ಡಬಲ್ ಡೆಕರ್ ಬಸ್ಸಿನ ಮೇಲಿನ ಅಂತಸ್ತಿನಲ್ಲಿ ಕೂಡಿಸಿ ಅಲ್ಲಿಗೆ ಕರೆದೊಯ್ದ. ಬೈಕುಲ್ಲಾದ ಮಕ್ಕಳು ಆಕಾಶ ಎಂದರೆ ಎರಡು ಚಾಳುಗಳ ನಡುವಿನ ಪಟ್ಟಿ ಎಂದು ತಿಳಿದಿದ್ದವು. ಒಳಗೆ ದೀಪ ಆರಿ ತಲೆಯ ಮೇಲೆ ಸಾವಿರಾರು ಚುಕ್ಕೆ ಮೂಡಿದಾಗ ಅಷ್ಟೂ ಮಕ್ಕಳು ಒಟ್ಟಿಗೆ ಉಸಿರು ಎಳೆದುಕೊಂಡ ಸಪ್ಪಳ ಅವನಿಗೆ ಬಾಗಿಲ ತನಕ ಕೇಳಿಸಿತು. ಆಮೇಲೆ ಸಮುದ್ರದ ಕಟ್ಟೆಯ ಮೇಲೆ ಸಾಲಾಗಿ ಕೂತು ಎಲ್ಲರೂ ಹುರಿದ ಶೇಂಗಾ ತಿಂದರು.

ಹತ್ತು ವರ್ಷದ ಅಕ್ಕು ಕೇಳಿದಳು, “ದೊಡ್ಡಪ್ಪಾ, ಅಲ್ಲಿ ಮಂದಿ ಇದ್ರ, ಅವರಿಗೂ ಯೇಸುಸ್ವಾಮಿ ಗೊತ್ತೇನು?”

ದಾನಪ್ಪ ನಾಲ್ಕಾರು ಶೇಂಗಾ ಸುಲಿದು ಅವಳ ಕೈಗೆ ಹಾಕಿದ. “ನನಗ ಗೊತ್ತಿಲ್ಲವ್ವಾ,” ಎಂದ.

ಮಕ್ಕಳಿಗೆ ಖುಷಿಯೋ ಖುಷಿ. ಚರ್ಚಿನ ದೊಡ್ಡವರೊಬ್ಬರು ತಮಗೆ ಗೊತ್ತಿಲ್ಲ ಎಂದದ್ದನ್ನು ಅವು ಕೇಳಿದ್ದು ಅದೇ ಮೊದಲು.

“ಒಂದ ಮಾತ್ರ ಗೊತ್ತೈತಿ,” ದಾನಪ್ಪ ಮುಂದುವರಿಸಿದ. “ಅವರು ಇದ್ರ, ಅವರನ್ನ ಮಾಡಿದಾವ ಬ್ಯಾರೆ ಯಾರೂ ಅಲ್ಲ.”

“ಹಂಗಾದ್ರ ಅವರಿಗೆ ಹೇಳಾವ್ರು ಯಾರು?”

“ನಮ್ಮ ಮುತ್ತ್ಯಾಗ ಹೇಳಾಕ ಒಬ್ಬ ಪಾದ್ರಿ ಕುದುರಿ ಮ್ಯಾಲೆ ಬಂದಿದ್ದ. ಅವ ಬರಾಕ ಸಾವಿರದೆಂಟುನೂರು ವರ್ಷ ಹಿಡದಿತ್ತು. ತಡಾ ಆದ್ರೂ ಬಂದ. ಅವರ ಕೇರಿಗೂ ಹೆಂಗರ ಮಾಡಿ ಹೋಗ್ತಾರ.”

ಆ ರಾತ್ರಿ ಊಟಕ್ಕೆ ಕೂತಾಗ ಅಕ್ಕು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದಳು. “ಸ್ವಾಮೀ, ಈ ಊಟಕ್ಕ ಸ್ತೋತ್ರ. ಮ್ಯಾಲಿನ ನಕ್ಷತ್ರದಾಗ ಇರೋ ಮಂದಿಗೂ ಊಟ ಸಿಗಲಿ. ಅವರಿಗೆ ಬಾಯಿ ಇದ್ರ. ಆಮೆನ್.”

ಮರೆಪ್ಪನ ಹೆಂಡತಿ ಭಾಗವ್ವ ನಕ್ಕುಬಿಟ್ಟಳು. ಮರೆಪ್ಪನಿಗೆ ನಗು ಬರಲಿಲ್ಲ. ಶಾಸ್ತ್ರಕ್ಕೆ ವಿರುದ್ಧ ಎಂದು ಅವನು ಆಮೇಲೆ ಕಮಿಟಿಯಲ್ಲಿ ಹೇಳಿದ್ದೇನೋ ನಿಜ. ಆದರೆ ಒಳಗೆ ಚುಚ್ಚುತ್ತಿದ್ದದ್ದು ಬೇರೆ. ‘ದೊಡ್ಡಪ್ಪ ಹೇಳ್ಯಾರ’ ಎಂದು ಮಗಳು ದಿನಕ್ಕೆ ಹತ್ತು ಸಲ ಅನ್ನುತ್ತಿದ್ದಳು. ‘ಪಪ್ಪ ಹೇಳ್ಯಾನ’ ಎಂದು ಒಮ್ಮೆಯಾದರೂ ಅಂದದ್ದು ಅವನಿಗೆ ನೆನಪಿರಲಿಲ್ಲ.

*

ಒಂದು ಗಂಟೆಯ ಹೊತ್ತಿಗೆ ಗ್ಯಾಲರಿ ತುಂಬಿತು. ಸಭೆಯ ಹಿರಿಯ ರಾಮಪ್ಪ ಗೋಡೆಗೆ ಆತು ನಿಂತು ಹೊಸ ಪಾಸ್ಟರಿಗೆ ದಾನಪ್ಪನ ಕತೆ ಹೇಳುತ್ತಿದ್ದ. ಪಾಸ್ಟರು ಕೋಲಾರದ ಕಡೆಯ ಹುಡುಗ, ಬಂದು ನಾಲ್ಕು ತಿಂಗಳಾಗಿತ್ತು.

“ಏಳು ವರ್ಷ ಒಂದ ಐತಾರ ತಪ್ಪಿಸಿಲ್ಲ ನೋಡ್ರಿ,” ಎಂದ ರಾಮಪ್ಪ. “ನಮ್ಮ ಪ್ರಾರ್ಥನಿ ಮ್ಯಾಲೇ ಆ ಜೀವ ನಿಂತಿತ್ತು. ಇಲ್ಲಾಂದ್ರ ಯಾವಾಗೋ ಖಲಾಸ್.”

“ಅವರಿಗೆ ಏನು ಕಾಯಿಲೆ ಇತ್ತು, ಅಣ್ಣ?”

“ಒಳಗಿಂದೊಳಗ ಇತ್ರಿ. ಹೇಳ್ಕೊಂತಿದ್ದಿಲ್ಲ.”

ಪಾಸ್ಟರು ಚೀಟಿಯಲ್ಲಿ ಏನೋ ಬರೆದುಕೊಂಡರು. “ಹಾಗಾದ್ರೆ ಇವತ್ತಿನ ಪ್ರಸಂಗ ಅದರ ಮೇಲೇ ಮಾಡ್ತೀನಿ. ಏಳು ವರ್ಷ ಗೊಣಗದೆ ನೋವು ಸಹಿಸಿದ ಭಕ್ತ. ಮರೆಪ್ಪನವರೇ, ನಿಮ್ಮ ವೃತ್ತಾಂತದಲ್ಲೂ ಅದು ಇದೆ ಅಲ್ವಾ?”

ಮರೆಪ್ಪ ತಲೆಯಾಡಿಸಿದ. ಹೌದೆಂದೋ ಇಲ್ಲವೆಂದೋ ಅವನಿಗೇ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಮೆಟ್ಟಿಲು ಹತ್ತಿ ಅಕ್ಕು ಬಂದಳು. ಕಾಲೇಜಿನಿಂದ ನೇರ ಬಂದದ್ದು, ಹೆಗಲಲ್ಲಿ ಚೀಲ, ಕೈಯಲ್ಲಿ ಬಿಳಿ ಶೇವಂತಿ. ಒಳಗೆ ಹೋಗಿ ಮಲ್ಲಕ್ಕನ ಪಕ್ಕ ತುಸು ಹೊತ್ತು ಕೂತಿದ್ದು ಹೊರಗೆ ಬಂದು ಅಪ್ಪನ ಹತ್ತಿರ ನಿಂತಳು. ಕಣ್ಣು ಕೆಂಪಾಗಿದ್ದವು.

“ಪಪ್ಪಾ, ದೊಡ್ಡಪ್ಪನ ಬಗ್ಗೆ ಛಲೋ ಬರದಿ ನಾ?”

“ಹೂಂ.”

“ನನಗ ಭಾಳ ಗಿಲ್ಟಿ ಆಗಾಕತ್ತೇತಿ. ಅವರು ಬೀಮಾರ್ ಆದಮ್ಯಾಲೆ ನಾ ಇಲ್ಲಿ ಬರೋದ ಬಂದ್ ಮಾಡ್ದೆ, ಚರ್ಚಿನ್ಯಾಗ ದೂರಿಂದ ಸಲಾಂ ಅಷ್ಟ. ನೀನ ಅಂದಿದ್ದಿ, ತ್ರಾಸ ಕೊಡಬ್ಯಾಡ, ಅವರಿಗೆ ಆರಾಮ ಬೇಕು ಅಂತ. ಫಿರ್ ಭೀ, ಒಮ್ಮೆರ ಬರಬೇಕಿತ್ತು ನಾ. ಅವರಿಗೆ ಏನ ಅನಿಸಿರಬೇಕು?”

ಮರೆಪ್ಪ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕಿಸೆಗೆ ಹಾಕಿದ. ಮಗಳ ಮುಖ ನೋಡುವ ಧೈರ್ಯ ಬರಲಿಲ್ಲ. “ನೀ ಸಣ್ಣಾಕಿ ಇದ್ದಿ,” ಎಂದಷ್ಟೇ ಅಂದು ಪೆಟ್ಟಿಗೆ ಮೇಲೆ ತರಿಸುವ ನೆಪ ಮಾಡಿಕೊಂಡು ಕೆಳಗಿಳಿದ.

*

ಏಳು ವರ್ಷದ ಹಿಂದೆ ಆ ಕಮಿಟಿ ಕೂಡಿದ್ದು ಚರ್ಚಿನ ಹಿಂದಿನ ಖೋಲಿಯಲ್ಲಿ, ಏಳು ಜನ. ಆಗ ಇದ್ದವರು ಹಳೆಯ ಪಾಸ್ಟರು, ನಿಧಾನದ ಮನುಷ್ಯ. ಅವರು ದಾನಪ್ಪನನ್ನು ಕೂಡಿಸಿಕೊಂಡು ತಾಳ್ಮೆಯಿಂದಲೇ ಕೇಳಿದರು. “ನೋಡು ದಾನಪ್ಪ, ಮೇಲೆ ಮಂದಿ ಅದಾರ ಅಂತ ಇಟ್ಕೊಳ್ಳೋಣ. ಅವರು ಪಾಪ ಮಾಡಿಲ್ಲ ಅಂದ್ರ ಅವರಿಗೆ ರಕ್ಷಕ ಬೇಕಿಲ್ಲ. ಪಾಪ ಮಾಡ್ಯಾರ ಅಂದ್ರ ಪ್ರಭು ಅಲ್ಲಿ ಮತ್ತೊಮ್ಮೆ ಸಾಯಬೇಕು. ಆತ ಸತ್ತದ್ದು ಒಂದೇ ಸಲ, ಎಲ್ಲರಿಗಾಗಿ. ಅಂದಮ್ಯಾಲೆ ಈ ಮಾತು ಮಕ್ಕಳ ತಲೀಗೆ ಯಾಕ?”

“ನಾ ತಲೀಗೆ ಹಾಕಿಲ್ರಿ. ಹುಡುಗಿ ಕೇಳಿತು.”

“ಇಲ್ಲ ಅಂತ ಹೇಳಬೇಕಿತ್ತು,” ಎಂದ ಮರೆಪ್ಪ. “ಮ್ಯಾಲೆ ಇರಾವ್ರು ದೇವದೂತರು. ಮುಗೀತು.”

ದಾನಪ್ಪ ಅವನ ಕಡೆ ತಿರುಗಿದ. ಇಬ್ಬರೂ ಒಂದೇ ಕೇರಿಯವರು, ಒಂದೇ ಗಾಡಿಯಲ್ಲಿ ಮುಂಬಯಿಗೆ ಬಂದವರು. “ಮರೆಪ್ಪಾ, ನಮ್ಮ ಕೇರಿ ಎಲ್ಲಿತ್ತು? ಊರ ಹೊರಗ. ಊರ ಬಾವಿಯಾಗ ನಮಗ ನೀರು ಸಿಗತಿದ್ದಿಲ್ಲ. ಇವರು ದೇವರ ಎಣಿಕ್ಯಾಗ ಬರಾವ್ರಲ್ಲ ಅಂತ ಊರಾಗಿನ ದೊಡ್ಡಾವ್ರು ಕಟ್ಟೀ ಮ್ಯಾಲೆ ಕುಂತು ಹೇಳತಿದ್ರು. ಬರತೀರಿ ಅಂತ ಒಬ್ಬಾಂವ ಬಂದು ಹೇಳಿದ್ದಕ್ಕ ನಾವು ಇಲ್ಲಿ ಕುಂತೀವಿ. ಈಗ ನಾವು ಕಟ್ಟೀ ಮ್ಯಾಲೆ ಕುಂತು, ಅವರು ಎಣಿಕ್ಯಾಗ ಬರೂದಿಲ್ಲ ಅನ್ನೂದು ನನಗಾಗೂದಿಲ್ಲ. ಬರತಾರ ಅಂತನೂ ನಾ ಹೇಳಿಲ್ಲ. ಗೊತ್ತಿಲ್ಲ ಅಂದೀನಿ.”

ಕೇರಿಯ ಮಾತು ತೆಗೆದದ್ದು ಆ ಏಳೂ ಜನರಿಗೆ ಸೇರಲಿಲ್ಲ. ಮುಂಬಯಿಗೆ ಬಂದದ್ದೇ ಅದನ್ನು ಮರೆಯಲಿಕ್ಕೆ. ದಾನಪ್ಪನನ್ನು ಸಂಡೇ ಸ್ಕೂಲಿನಿಂದ ಬಿಡಿಸಲು ಕೈ ಎತ್ತಿಸಿದಾಗ ಆರು ಕೈ ಎದ್ದವು, ಮರೆಪ್ಪನದು ಎಲ್ಲರಿಗಿಂತ ಮೊದಲು. ಗೆಳೆಯನ ಮಾನ ಉಳಿಸಿದೆನೆಂದು ಸಮಾಧಾನ ಮಾಡಿಕೊಂಡು ಅವನೇ ಪುಸ್ತಕದಲ್ಲಿ ‘ಅನಾರೋಗ್ಯದ ನಿಮಿತ್ತ’ ಎಂದು ಬರೆದ.

ಆ ಒಂದು ಶಬ್ದ ಬೆಳೆದ ಪರಿ ಮಾತ್ರ ಅವನ ಊಹೆಯಲ್ಲೂ ಇರಲಿಲ್ಲ. ಮುಂದಿನ ಭಾನುವಾರ ನಿರ್ಣಯ ಓದಿದಾಗ ಹೆಂಗಸರೆಲ್ಲ ಅಯ್ಯೋ ಪಾಪ ಅಂದರು. ಅದರ ಮುಂದಿನ ಭಾನುವಾರ ಪ್ರಾರ್ಥನೆಯ ಪಟ್ಟಿಯಲ್ಲಿ ‘ದಾನಪ್ಪನವರ ಆರೋಗ್ಯಕ್ಕಾಗಿ’ ಎಂಬುದು ಸೇರಿತು. ಒಮ್ಮೆ ಸೇರಿದ್ದನ್ನು ತೆಗೆಯುವವರು ಯಾರು? ಕಮಿಟಿಯಲ್ಲಿದ್ದವರೂ ಕಾಲಕ್ರಮೇಣ ಅದನ್ನೇ ನಂಬಿದರು. ಮಳೆ ಬಂದರೆ ಅವನಿಗೆ ಛತ್ರಿ ಹಿಡಿದರು, ಮೆಟ್ಟಿಲಲ್ಲಿ ರಟ್ಟೆ ಹಿಡಿದರು, ಕ್ರಿಸ್ಮಸ್ಸಿಗೆ ಹಾರ್ಲಿಕ್ಸ್ ಬಾಟಲಿ ತಂದುಕೊಟ್ಟರು. ದಾನಪ್ಪ ಅದನ್ನು ಚಾಳಿನ ಮಕ್ಕಳಿಗೆ ಕುಡಿಸಿದ. ಪ್ರತಿ ಭಾನುವಾರ ಮೂರನೆಯ ಬೆಂಚಿನಲ್ಲಿ ನೆಟ್ಟಗೆ ಕೂತು ತನ್ನ ಆರೋಗ್ಯಕ್ಕೆ ತಾನೇ ಗಟ್ಟಿಯಾಗಿ ಆಮೆನ್ ಹೇಳಿದ.

ಒಂದು ಸಲ ಸ್ಟೇಷನ್ನಿನ ದಾರಿಯಲ್ಲಿ ಇಬ್ಬರೇ ಇದ್ದಾಗ ಮರೆಪ್ಪ ಕೇಳಿದ್ದುಂಟು. “ದಾನಣ್ಣಾ, ನನ್ನ ಮ್ಯಾಲೆ ಸಿಟ್ಟೈತೇನು?”

“ಮೊದಲ ಇತ್ತು. ಈಗ ರೂಢಿ ಆತು,” ಎಂದ ದಾನಪ್ಪ. “ಊರಾಗ ನಮ್ಮ ಹೆಸರು ಬಾಯಾಗ ಹಿಡಿಯಾವ್ರು ಒಬ್ಬರೂ ಇರಲಿಲ್ಲ. ಇಲ್ಲಿ ನೂರು ಮಂದಿ ಹೆಸರು ಹಿಡದು ಕೇಳ್ಕೊಳ್ಳಾಕತ್ತಾರ. ಯಾವ ನೆವಕ್ಕರ ಇರ್ಲಿ.” ನಾಲ್ಕು ಹೆಜ್ಜೆ ನಡೆದು ನಿಂತ. “ಅಕ್ಕು ಏನರ ಅಂದ್ಲೇನು? ನಾ ಬಿಟ್ಟಿದ್ದಕ್ಕ?”

“ಇಲ್ಲಣ್ಣಾ. ಹುಡುಗರು. ಮರ್ತಾಳ.”

ಅಕ್ಕು ಒಂದು ವಾರ ಅತ್ತಿದ್ದಳು. ದಾನಪ್ಪ ತಲೆ ಅಲ್ಲಾಡಿಸಿ, “ಮರೀಲಿ ಬಿಡು, ಛಲೋ ಆತು,” ಎಂದು ನಡೆದ. ಅವನ ಮುಖ ಸಣ್ಣದಾದದ್ದನ್ನು ಮರೆಪ್ಪ ನೋಡಿದ್ದ. ಆ ಮೇಲೆ ಆ ದಾರಿಯಲ್ಲಿ ಅವರಿಬ್ಬರೇ ನಡೆಯುವ ಪ್ರಸಂಗವನ್ನು ತಪ್ಪಿಸುತ್ತ ಬಂದ.

*

ಚರ್ಚಿನ ಬಾಗಿಲಲ್ಲಿ ತಮಿಳರ ಮದುವೆಯ ಹೂವಿನವರು ಬುಟ್ಟಿಗಳನ್ನಿಟ್ಟುಕೊಂಡು ಕಾಯುತ್ತಿದ್ದರು. ಎರಡು ಹಾಡು, ಒಂದು ಪಾಠ ಮುಗಿದವು. ಪಾಸ್ಟರು ಮರೆಪ್ಪನ ಹೆಸರು ಕರೆದರು.

ಅವನು ಪೆಟ್ಟಿಗೆಯ ಪಕ್ಕದಲ್ಲಿ ನಿಂತು ಹಾಳೆ ಬಿಡಿಸಿದ. ಮುಂದಿನ ಬೆಂಚಿನಲ್ಲಿ ಮಲ್ಲಕ್ಕ, ಅವಳ ಪಕ್ಕ ಅಕ್ಕು. ಹುಟ್ಟಿದ್ದು ಓದಿದ. ದೀಕ್ಷಾಸ್ನಾನ ಓದಿದ. ಮದುವೆ ಓದಿದ. ‘ತಾರಾಲಯದಲ್ಲಿ ಹದಿಮೂರು ವರ್ಷ ಪ್ರಾಮಾಣಿಕವಾಗಿ ಸೇವೆ ಸಲ್ಲಿಸಿ’ ಎಂಬಲ್ಲಿ ದನಿ ಚೆನ್ನಾಗಿಯೇ ಇತ್ತು. ಆಮೇಲೆ ನಿಂತುಬಿಟ್ಟ. ಅನಾರೋಗ್ಯ ಎಂದು ಓದಿಬಿಟ್ಟರೆ ಎಲ್ಲವೂ ಇಲ್ಲಿಗೇ ಮುಗಿಯುತ್ತದೆ, ಪೆಟ್ಟಿಗೆಯ ಸಂಗಡ ಮಣ್ಣಿಗೆ ಹೋಗುತ್ತದೆ, ಸಂಜೆ ಮಗಳ ಸಂಗಡ ಲೋಕಲ್ ಹಿಡಿದು ಮನೆಗೆ ಹೋಗಬಹುದು. ಮಲ್ಲಕ್ಕ ಅವನನ್ನು ನೋಡುತ್ತಿರಲಿಲ್ಲ. ಪೆಟ್ಟಿಗೆ ನೋಡುತ್ತಿದ್ದಳು.

“ಮುಂದಿನ ಸಾಲು ಸುಳ್ಳು ಐತಿ,” ಎಂದ ಮರೆಪ್ಪ.

ಬೆಂಚುಗಳಲ್ಲಿ ಬೀಸಣಿಕೆ ಆಡಿಸುತ್ತಿದ್ದ ಕೈಗಳು ನಿಂತವು.

“ಅದನ್ನ ನಾನ ಬರದೀನಿ. ಏಳು ವರ್ಷದ ಹಿಂದ ಮಿನಿಟ್ಸ್ ಬುಕ್ಕಿನ್ಯಾಗೂ ನಾನ ಬರದಿದ್ದೆ. ದಾನಪ್ಪನವರಿಗೆ ಯಾವ ಜಡ್ಡೂ ಇರಲಿಲ್ಲ. ಸಂಡೇ ಸ್ಕೂಲಿನ ಮಕ್ಕಳನ್ನ ತಾರಾಲಯಕ್ಕ ಕರಕೊಂಡು ಹೋಗಿದ್ರು. ಒಂದು ಹುಡುಗಿ ಕೇಳಿತು, ನಕ್ಷತ್ರದಾಗ ಮಂದಿ ಇದ್ರ ಅವರಿಗೂ ಯೇಸು ಗೊತ್ತೇನು ಅಂತ. ಅವರು ಗೊತ್ತಿಲ್ಲ ಅಂದ್ರು. ಸುಳ್ಳು ಹೇಳಲಿಲ್ಲ. ಅದಕ್ಕ ಅವರನ್ನ ತಗದ್ವಿ. ತಗೀರಿ ಅಂತ ಮೊದಲ ಕೈ ಎತ್ತಿದಾವ ನಾನು. ಆ ಹುಡುಗಿ ನನ್ನ ಮಗಳು. ಅಕಿ ಅವರನ್ನ ನನಗಿಂತ ಹೆಚ್ಚು ನಂಬತಿದ್ಲು. ನನಗ ಅದ ತಡಕೊಳ್ಳಾಕ ಆಗಲಿಲ್ಲ. ಅಕಿಗೆ ದೊಡ್ಡಪ್ಪ ಬೀಮಾರ್ ಅದಾರ ಅಂತ ಹೇಳಿದೆ. ಅವರಿಗೆ ಅಕ್ಕು ನಿಮ್ಮನ್ನ ಮರ್ತಾಳ ಅಂತ ಹೇಳಿದೆ.”

ಯಾರೋ ಕೆಮ್ಮಿದರು. ರಾಮಪ್ಪ ತನ್ನ ಟೋಪಿಯನ್ನು ಮೊಣಕಾಲ ಮೇಲೆ ತಿರುಗಿಸುತ್ತ ಕೂತಿದ್ದ. ಪಾಸ್ಟರು ಪ್ರಸಂಗದ ಚೀಟಿಯನ್ನು ಮಡಿಚಿದರು. ಅಕ್ಕು ಅಪ್ಪನ ಕಡೆ ನೋಡುತ್ತಲೇ ಇದ್ದಳು, ಅಳುತ್ತಿರಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವನಿಗೆ. ಹಾಳೆಯಲ್ಲಿ ಇನ್ನೊಂದೇ ಸಾಲು ಉಳಿದಿತ್ತು. ‘ಪ್ರಭುವಿನಲ್ಲಿ ನಿದ್ರೆ ಹೋದರು’ ಎಂದು ಓದಿ, ಹೋಗಿ ಕೊನೆಯ ಬೆಂಚಿನಲ್ಲಿ ಕೂತ.

*

ಶಿವಡಿಯ ಸ್ಮಶಾನದಲ್ಲಿ ಹಾಡು ಸಣ್ಣದಾಗಿ ಮುಗಿಯಿತು. ಎಲ್ಲರೂ ಮೂರು ಮೂರು ಹಿಡಿ ಮಣ್ಣು ಹಾಕಿದರು. ಮರೆಪ್ಪನ ಹತ್ತಿರ ಯಾರೂ ಬರಲಿಲ್ಲ, ಯಾರೂ ಬೈಯಲೂ ಇಲ್ಲ. ಅವನು ಎಲ್ಲರ ಕೊನೆಗೆ ಮಣ್ಣು ಹಾಕಿ ಅಲ್ಲೇ ನಿಂತ. ದಾನಣ್ಣ ಎಂದು ಒಮ್ಮೆ ಕರೆಯಬೇಕು ಅನ್ನಿಸಿತು. ಕಣ್ಣೀರು ಮಾತ್ರ ಬಂತು. ಒರೆಸಿಕೊಳ್ಳದೆ ನಿಂತಿದ್ದ.

ತಿರುಗಿದಾಗ ಮಂದಿ ಗೇಟಿನ ಹತ್ತಿರ ಸಾಲು ಹಚ್ಚಿದ್ದರು. ಸತ್ತವರ ಮನೆಯವರು ಅಲ್ಲಿ ನಿಲ್ಲುವುದು, ಬಂದವರು ಒಬ್ಬೊಬ್ಬರಾಗಿ ಅವರ ಕೈ ಹಿಡಿದು ಸಲಾಂ ಹೇಳಿ ಹೊರಡುವುದು ಪದ್ಧತಿ. ಮಲ್ಲಕ್ಕ ಗೇಟಿಗೆ ಬೆನ್ನು ಮಾಡಿ ನಿಂತಿದ್ದಳು. ತಮ್ಮನ ರೈಲು ಇನ್ನೂ ಬಂದಿರಲಿಲ್ಲ. ಅವಳ ಪಕ್ಕದಲ್ಲಿ, ಮಕ್ಕಳು ನಿಲ್ಲುವ ಜಾಗದಲ್ಲಿ, ಓಢಣಿಯನ್ನು ತಲೆಯ ಮೇಲೆ ಹೊದ್ದು ಅಕ್ಕು ನಿಂತಿದ್ದಳು. ನಿಲ್ಲು ಎಂದು ಯಾರು ಹೇಳಿದ್ದರೋ, ಅವಳೇ ಹೋಗಿ ನಿಂತಳೋ. ಬಂದವರು ಮಲ್ಲಕ್ಕನ ಕೈ ಹಿಡಿದು, ಆಮೇಲೆ ಅವಳ ಕೈಯನ್ನೂ ಹಿಡಿದು ಮುಂದೆ ಹೋಗುತ್ತಿದ್ದರು.

ಬೇರೆ ಗೇಟು ಇರಲಿಲ್ಲ. ಮರೆಪ್ಪ ಸಾಲಿನಲ್ಲಿ ನಿಂತ.

ಮಲ್ಲಕ್ಕ ಅವನ ಕೈ ಹಿಡಿದು, “ಓದಿದ್ಯಲ್ಲಾ,” ಎಂದಳು.

ಅವನು ಒಂದು ಹೆಜ್ಜೆ ಮುಂದೆ ಸರಿದು ಮಗಳ ಎದುರು ನಿಂತ. ಏನಾದರೂ ಅಂದಾಳು ಎಂದು ಕಾದ. ಅಕ್ಕು ಎಲ್ಲರಿಗೂ ಚಾಚಿದ ಹಾಗೆ ಅವನಿಗೂ ಕೈ ಚಾಚಿದಳು. ಬೆರಳಿಗೆ ಮಣ್ಣು ಹತ್ತಿತ್ತು.

“ಸಲಾಂ,” ಎಂದಳು.

“ಸಲಾಂ, ಅವ್ವಾ,” ಎಂದ ಮರೆಪ್ಪ. ಹಿಂದೆ ರಾಮಪ್ಪ ಟೋಪಿ ಹಿಡಿದು ಕಾಯುತ್ತಿದ್ದ. ಅವಳು ಕೈ ಬಿಡಿಸಿಕೊಂಡು ರಾಮಪ್ಪನ ಕಡೆಗೆ ಚಾಚಿದಳು.